ಜಾವಾ: ಕಾಲು ಮಿಲಿಮೀಟರಿನ ಆಯುಸ್ಸು

ಮೈಸೂರಿನ ಯಾದವಗಿರಿ ಗದ್ದಲದ ಬಡಾವಣೆಯಲ್ಲ. ಆಕಾಶವಾಣಿ ಕೇಂದ್ರ, ರಾಮಕೃಷ್ಣ ಆಶ್ರಮ, ಆರ್.ಕೆ. ನಾರಾಯಣ್ ವಾಸವಿದ್ದ ಮನೆ (2016ರಿಂದ ಅದು ವಸ್ತುಸಂಗ್ರಹಾಲಯ), ಇವುಗಳ ನಡುವೆ ಮರಗಳ ನೆರಳು ಹೊದ್ದ ರಸ್ತೆಗಳು. ಇಂಥ ಜಾಗದಲ್ಲಿ ಮೂರೂವರೆ ದಶಕ ಕಾಲ ಹೊಸ ಹೊಸ ಇಂಜಿನ್ನುಗಳು ಕೆಮ್ಮಿ, ನೀಲಿ ಹೊಗೆ ಉಗುಳಿ, ಮೊದಲ ಉಸಿರು ಎಳೆಯುತ್ತಿದ್ದವು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಐಡಿಯಲ್ ಜಾವಾ ಕಾರ್ಖಾನೆ ಇದ್ದುದು ಇಲ್ಲಿ. ಸೈರನ್ ಕೂಗಿದೊಡನೆ ಸೈಕಲ್ಲುಗಳ ಸಾಲು ಗೇಟಿನಿಂದ ಹೊರಬೀಳುತ್ತಿದ್ದ ಕಾಲವನ್ನು ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಆದರೆ ಗೇಟೂ ಇಲ್ಲ, ಸೈರನ್ನೂ ಇಲ್ಲ.

ಜಾವಾ ಮೂಲತಃ ಜೆಕ್ ದೇಶದ್ದು. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸ ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿದ. ಅಲ್ಲಿಯವರ ಬಾಯಲ್ಲಿ ಅದು ‘ಯಾವಾ’. ಮೈಸೂರಿಗೆ ಬರುವಾಗ ‘ಜಾವಾ’ ಆಯಿತು, ಹಾಗೆಯೇ ನಿಂತಿತು. ಮುಂಬೈಯಲ್ಲಿ ಈ ಬೈಕುಗಳನ್ನು ಆಮದು ಮಾಡಿ ಮಾರುತ್ತಿದ್ದ ಫರೋಖ್ ಇರಾನಿ, ಆಮದಿಗೆ ಕಡಿವಾಣ ಬಿದ್ದಾಗ ಇಲ್ಲಿಯೇ ತಯಾರಿಸಲು ಹೊರಟರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಮದರಾಸಿನ ಬುಲೆಟ್, ಫರೀದಾಬಾದಿನ ರಾಜದೂತ್, ಮೈಸೂರಿನ ಜಾವಾ, ಇವು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದ್ದ ದಿನಗಳವು. 1984-85ರಲ್ಲಿ ಜಪಾನಿ ನೆರವಿನ ನೂರು ಸಿಸಿಯ ಬೈಕುಗಳು ಬಂದವು. ಲೀಟರಿಗೆ ಅವು ಓಡುವ ದೂರ ಕೇಳಿ ಜಾವಾ ಸವಾರರ ಮುಖ ಸಪ್ಪಗಾಯಿತು. 1996ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು.

ಕಾರ್ಖಾನೆ ಹೋಯಿತು, ಬೈಕುಗಳು ಉಳಿದವು. ಹಳೆ ಮೈಸೂರಿನ ಮನೆಗಳ ಹಿತ್ತಿಲಲ್ಲಿ, ಮಂಡ್ಯ-ನಂಜನಗೂಡು ಕಡೆಯ ಕೊಟ್ಟಿಗೆಗಳಲ್ಲಿ, ಕೊಡಗಿನ ಕಾಫಿ ಕಣದ ಪಕ್ಕದ ಶೆಡ್ಡುಗಳಲ್ಲಿ ಗೋಣಿಚೀಲ ಹೊದ್ದು ನಿಂತವು ಅವೆಷ್ಟೋ. ಅಪ್ಪನ ಗಾಡಿ ಎಂದು ಮಾರದೆ ಇಟ್ಟುಕೊಂಡವರು ಕೆಲವರು. ಗುಜರಿಯವನು ಕೊಟ್ಟಷ್ಟಕ್ಕೆ ತೂಕಕ್ಕೆ ಹಾಕಿದವರು ಹಲವರು. ಈಗ ಕಾಲ ತಿರುಗಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಊರೂರುಗಳಲ್ಲಿ ಸವಾರರು ಸೇರುತ್ತಾರೆ. ಮಗನೋ ಮೊಮ್ಮಗನೋ ಗೋಣಿಚೀಲ ಎಳೆದು, ‘ಇದನ್ನು ಓಡಿಸೋಣ’ ಎನ್ನುತ್ತಾನೆ. ಅಲ್ಲಿಂದ ಕಥೆ ಶುರು.

ಬಣ್ಣ ಬಳಿಯುವುದು, ಕ್ರೋಮು ಮಾಡಿಸುವುದು, ಟ್ಯಾಂಕಿನ ಅಂಚಿಗೆ ಚಿನ್ನದ ಗೆರೆ ಎಳೆಸುವುದು ಇವೆಲ್ಲ ದುಡ್ಡಿದ್ದರೆ ಆಗುವ ಕೆಲಸ. ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ಇಂಜಿನ್ನಿನ ಮಾತು ಬೇರೆ. ಅಲ್ಲಿ ಕೆರೆದದ್ದು ಮತ್ತೆ ಬೆಳೆಯುವುದಿಲ್ಲ.

ಅದು ದೊಡ್ಡ ಯಂತ್ರವೇನೂ ಅಲ್ಲ. 65 ಮಿಲಿಮೀಟರು ಅಗಲದ ಸಿಲಿಂಡರಿನಲ್ಲಿ ಪಿಸ್ಟನ್ನು 75 ಮಿಲಿಮೀಟರು ಮೇಲೆ ಕೆಳಗೆ ಆಡುತ್ತದೆ. ಲೆಕ್ಕ ಹಾಕಿದರೆ 250 ಸಿಸಿಗೆ ಕೂದಲೆಳೆಯಷ್ಟು ಕಡಿಮೆ. ಮೊದಮೊದಲ ಜಾವಾಗಳ ಶಕ್ತಿ 12 ಅಶ್ವಶಕ್ತಿ. ಕವಾಟಗಳಿಲ್ಲ, ಅವನ್ನು ಎತ್ತಿಳಿಸುವ ಕ್ಯಾಮಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ. ಪಿಸ್ಟನ್ನೇ ಅವುಗಳ ಬಾಗಿಲು. ಅದು ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಕಾರ್ಬ್ಯುರೇಟರಿನಿಂದ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣವನ್ನು ಹೀರುತ್ತದೆ. ಇಳಿಯುವಾಗ ಅದನ್ನೇ ಅದುಮಿ ಮೇಲಕ್ಕೆ ತಳ್ಳುತ್ತದೆ. ಉರಿದ ಹೊಗೆ ಎರಡು ಕೊಳವೆಗಳಲ್ಲಿ ಎಡಕ್ಕೂ ಬಲಕ್ಕೂ ಹೊರಟುಹೋಗುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಹೌದು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಡಿಸಿದರೆ ಗೇರು. ಗೇರು ಒತ್ತುವಾಗ ಕ್ಲಚ್ಚು ತಾನಾಗಿಯೇ ಬಿಡುಗಡೆಯಾಗುವ ಏರ್ಪಾಡೂ ಉಂಟು. ಇಷ್ಟು ಸರಳವಾದುದಕ್ಕೆ ಯಾರು ಬೇಕಾದರೂ ಕೈ ಹಾಕಬಹುದು ಎನಿಸುತ್ತದೆ. ಹಾಗೆ ಕೈ ಹಾಕಿಯೇ ಎಷ್ಟೋ ಇಂಜಿನ್ನುಗಳು ಹಾಳಾಗಿವೆ.

ಹತ್ತಿಪ್ಪತ್ತು ವರ್ಷ ನಿಂತ ಬೈಕಿಗೆ ಮೊದಲು ಕಿಕ್ ಹೊಡೆಯಬಾರದು. ಹಳೆಯ ಮೇಸ್ತ್ರಿಗಳು ಕಲಿಸುವ ಮೊದಲ ಪಾಠ ಇದು. ಪಿಸ್ಟನ್ನಿನ ಉಂಗುರಗಳು ಎರಕದ ಕಬ್ಬಿಣದ ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಒದ್ದರೆ ಉಂಗುರ ಮುರಿದು ಗೋಡೆ ಗೀರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲನ್ನೋ ತುಕ್ಕು ಬಿಡಿಸುವ ಎಣ್ಣೆಯನ್ನೋ ಸುರಿದು, ಎರಡು ದಿನ, ನಾಲ್ಕು ದಿನ, ಬೇಕಾದರೆ ಎರಡು ವಾರ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಇಡೀ ಕೆಲಸದಲ್ಲಿ ಕಷ್ಟದ್ದು. ಜಾವಾ ದಿನಕ್ಕೆ ಇನ್ನು ಹದಿನೈದೇ ದಿನ ಎಂದು ಅವಸರಿಸುವ ಮಾಲೀಕನಿಗೆ ಅದನ್ನು ತಿಳಿಸಿ ಹೇಳುವುದು ಇನ್ನೂ ಕಷ್ಟ.

ಹೆಡ್ ಬಿಚ್ಚಿ, ಸಿಲಿಂಡರ್ ಮೇಲಕ್ಕೆ ಎತ್ತಿದಾಗ ಪಿಸ್ಟನ್ನು ತನ್ನ ಜಾತಕವನ್ನು ತಾನೇ ಹೇಳುತ್ತದೆ. ನೆತ್ತಿ ಕಂದು ಬಣ್ಣಕ್ಕಿದ್ದರೆ ಉರಿ ಸರಿಯಿತ್ತು. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅತಿಯಾಗಿದೆ. ಹೊಗೆ ಕಿಟಕಿಯ ಬದಿಯಲ್ಲಿ ಉದ್ದುದ್ದ ಗೀರುಗಳಿದ್ದರೆ ಯಾವುದೋ ಬೇಸಿಗೆಯ ದಿನ, ಎಣ್ಣೆ ಸಾಲದೆ, ಯಾವುದೋ ಏರಿನಲ್ಲಿ ಇಂಜಿನ್ ಹಿಡಿದುಕೊಂಡಿತ್ತು ಎಂದರ್ಥ. ಉಂಗುರದ ಕೆಳಗೆ ಕಂದು ಕಲೆ ಇಳಿದಿದ್ದರೆ ಉಂಗುರ ಸೋತಿದೆ. ಇದನ್ನೆಲ್ಲ ಒರೆಸುವ ಮುಂಚೆ ನೋಡಬೇಕು. ಬಿಚ್ಚಿದ್ದೇ ತಡ ಪೆಟ್ರೋಲಿನಲ್ಲಿ ಅದ್ದಿ ಪಳಪಳ ಹೊಳೆಸಿಬಿಡುವ ಉತ್ಸಾಹಿಗಳು ಈ ಸಾಕ್ಷ್ಯವನ್ನೆಲ್ಲ ತೊಳೆದುಹಾಕುತ್ತಾರೆ. ಅದೇ ರೋಗ ಹೊಸ ಪಿಸ್ಟನ್ನಿಗೂ ಬಂದಾಗ ಪಿಸ್ಟನ್ ತಯಾರಿಸಿದವನನ್ನು ಬೈಯುತ್ತಾರೆ.

ಇನ್ನು ಬೋರಿನ ಪ್ರಶ್ನೆ. ಸವೆದ ಸಿಲಿಂಡರನ್ನು ಲೇತಿನ ಅಂಗಡಿಗೆ ಕೊಂಡೊಯ್ದು ಒಂದು ಸುತ್ತು ಕೊರೆಸುತ್ತಾರೆ. ಅದಕ್ಕೆ ಹೊಂದುವ, ತುಸು ದೊಡ್ಡ ಪಿಸ್ಟನ್ ಹಾಕುತ್ತಾರೆ. ಒಂದೊಂದು ಹೆಜ್ಜೆಗೆ ಕಾಲು ಮಿಲಿಮೀಟರು. 65 ಇದ್ದದ್ದು 65.25, ಮುಂದೆ 65.50, ಹೀಗೆ. ನಾಲ್ಕು ಸಲ ಕೊರೆದರೆ ಒಂದು ಮಿಲಿಮೀಟರು ಹೋಯಿತು. ಆಮೇಲೆ ಪಿಸ್ಟನ್ ಸಿಗುವುದು ದುಸ್ತರ. ಗೋಡೆಯೂ ತೆಳ್ಳಗಾಗುತ್ತ ಹೋಗುತ್ತದೆ. ಅಂದರೆ ಯಾದವಗಿರಿಯಿಂದ ಹೊರಬಂದ ಪ್ರತಿಯೊಂದು ಸಿಲಿಂಡರಿಗೂ ಎಣಿಸಬಹುದಾದಷ್ಟೇ ಜನ್ಮಗಳು. ಈಗ ಕೈಗೆ ಬಂದಿರುವುದು ಎಷ್ಟನೆಯದು ಎಂಬುದನ್ನು ಪಿಸ್ಟನ್ನಿನ ನೆತ್ತಿಯ ಮೇಲಿನ ಅಂಕಿ ಓದಿದರೆ ತಿಳಿಯುತ್ತದೆ. ಮೊದಲ ಬೋರಿನಲ್ಲೇ ಇದ್ದ, ಉಂಗುರ ಬದಲಿಸಿದರೆ ಸಾಕಿದ್ದ ಸಿಲಿಂಡರನ್ನು ‘ಹೇಗೂ ಬಿಚ್ಚಿದ್ದೇವಲ್ಲ’ ಎಂದು ಕೊರೆಸಿಬಿಡುವುದಿದೆ. ಬ್ಯಾಂಕಿನಲ್ಲಿ ಇಟ್ಟ ಗಂಟನ್ನು ಕಾರಣವಿಲ್ಲದೆ ಕರಗಿಸಿದ ಹಾಗೆ. ಅಳತೆ ನೋಡದೆ ಬೋರ್ ಮಾಡಿಸುವ ಈ ಚಾಳಿಯೇ, ತುಕ್ಕಿಗಿಂತ ಹೆಚ್ಚಾಗಿ, ಹಳೆಯ ಜಾವಾಗಳ ಶತ್ರು.

ಕೊರೆಸಲೇಬೇಕಾದರೂ ಎಚ್ಚರ ಬೇಕು. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರ್ ಕಬ್ಬಿಣದ್ದು. ಕಾವಿಗೆ ಅಲ್ಯುಮಿನಿಯಮ್ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಎರಡರ ನಡುವೆ ಮಿಲಿಮೀಟರಿನ ನೂರರಲ್ಲಿ ಐದಾರು ಭಾಗದಷ್ಟು ಸಂದು ಬಿಡಬೇಕು, ಸುಮಾರು ಒಂದು ತಲೆಗೂದಲಿನ ದಪ್ಪ. ಕಡಿಮೆಯಾದರೆ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಗಡಗಡ ಸದ್ದು. ಇದನ್ನು ಲೇತಿನವರು ಬಲ್ಲರು. ಅವರಲ್ಲಿ ಅನೇಕರು ಮರೆಯುವುದು ಕಿಟಕಿಯ ಅಂಚನ್ನು. ಕೊರೆದಾಗ ಆ ಅಂಚುಗಳು ಚೂರಿಯಂತೆ ಹರಿತವಾಗುತ್ತವೆ. ಮೇಲೆ ಕೆಳಗೆ ಓಡುವ ಉಂಗುರ ಅಲ್ಲಿ ಸಿಕ್ಕಿಕೊಂಡರೆ ಹೊಸ ಪಿಸ್ಟನ್ನು ಒಂದೇ ದಿನಕ್ಕೆ ಗುಜರಿ. ಸಣ್ಣ ಅರದಿಂದ ಪ್ರತಿ ಕಿಟಕಿಯ ಅಂಚನ್ನೂ ಮೃದುವಾಗಿ ಇಳಿಸಬೇಕು. ನಾಲ್ಕು ಸ್ಟ್ರೋಕಿನ ಸಿಲಿಂಡರುಗಳಲ್ಲಿ ಕಿಟಕಿಗಳೇ ಇಲ್ಲ. ಈಗಿನ ಕೆಲಸಗಾರರು ನೋಡುತ್ತಿರುವುದು ಅವನ್ನೇ. ಹಾಗಾಗಿ ಈ ಅರದ ಕೆಲಸ ಕೈಬಿಟ್ಟುಹೋಗುತ್ತಿದೆ. ಸಿಲಿಂಡರಿನೊಳಗೆ ಹೊಸ ಕಬ್ಬಿಣದ ತೋಳು ಕೂರಿಸುವಾಗಲಂತೂ, ಆ ತೋಳಿನಲ್ಲಿ ಎಲ್ಲ ಕಿಟಕಿಗಳನ್ನೂ ಹಳೆಯವುಗಳ ನೇರಕ್ಕೆ ಕತ್ತರಿಸಬೇಕು. ಒಂದೆರಡು ಮಿಲಿಮೀಟರು ಮೇಲೆ ಕೆಳಗಾದರೆ ಇಂಜಿನ್ನಿನ ಸ್ವಭಾವವೇ ಬದಲಾಗುತ್ತದೆ.

ಸಿಲಿಂಡರಿನ ಕೆಳಗಿರುವುದು ಕ್ರ್ಯಾಂಕ್. ಎರಡು ಭಾರದ ಚಕ್ರಗಳು, ನಡುವೆ ಒತ್ತಿ ಕೂರಿಸಿದ ಒಂದು ಪಿನ್ನು, ಅದರ ಸುತ್ತ ರೋಲರುಗಳು, ಅವುಗಳ ಮೇಲೆ ಕನೆಕ್ಟಿಂಗ್ ರಾಡು. ರಾಡನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದರೆ ತುಸು ಆಡಬೇಕು. ಮೇಲೆ ಕೆಳಗೆ ಆಡಕೂಡದು. ಆಡಿದರೆ ಚಕ್ರಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ರೋಲರು, ರಾಡು ಹಾಕಿ ಮತ್ತೆ ಒತ್ತಬೇಕು. ಒತ್ತುವುದು ಪ್ರೆಸ್ಸಿನ ಕೆಲಸ, ಯಾರೂ ಮಾಡಿಯಾರು. ಅನಂತರ ಅದನ್ನು ನೇರ ಮಾಡುವುದಿದೆಯಲ್ಲ, ಅದು ಕಲೆ. ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ನಿಲ್ಲಿಸಿ ಮೆಲ್ಲಗೆ ತಿರುಗಿಸುತ್ತ ಡಯಲ್ ಗೇಜಿನ ಮುಳ್ಳು ಎಷ್ಟು ಓಲಾಡುತ್ತದೆ ನೋಡುತ್ತಾರೆ. ಎಲ್ಲಿ ಓಲಾಡಿತೋ ಅಲ್ಲಿ ಗುರುತು ಹಾಕಿ, ತಾಮ್ರದ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು. ಮತ್ತೆ ತಿರುಗಿಸಿ ನೋಡು, ಮತ್ತೊಂದು ಪೆಟ್ಟು. ಮುಳ್ಳಿನ ಓಲಾಟ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗಕ್ಕೆ ಇಳಿಯುವ ತನಕ ಇದೇ ಆಟ. ಎಷ್ಟು ಜೋರಾಗಿ, ಯಾವ ಕೋನದಲ್ಲಿ ಹೊಡೆಯಬೇಕೆಂದು ಪುಸ್ತಕ ಹೇಳಲಾರದು. ಕಾರ್ಖಾನೆಯ ಸಾಲಿನಲ್ಲಿ ನಿಂತು ದಿನವೂ ಇದನ್ನೇ ಮಾಡಿದವರ ಕೈಗೆ ಅದು ಗೊತ್ತಿತ್ತು. 1996ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಕೆಲಸಗಾರನಿಗೂ ಈಗ ಐವತ್ತು ದಾಟಿದೆ. ಉಳಿದವರ ಲೆಕ್ಕ ಕೇಳುವುದೇ ಬೇಡ.

ಕ್ರ್ಯಾಂಕ್ ಪೆಟ್ಟಿಗೆಯನ್ನು ಬಿಡಿಸುವಾಗ ಬೇರಿಂಗುಗಳನ್ನು ಹೊಡೆದು ತೆಗೆಯುವವರಿದ್ದಾರೆ. ಅದು ಬೇಡ. ಅಲ್ಯುಮಿನಿಯಮ್ಮಿನ ಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಮೇಲೆ ಚಿಮುಕಿಸಿದ ನೀರು ಚುರ್ರೆನ್ನುವ ಹೊತ್ತಿಗೆ ಮಗುಚಿ ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಬೇರಿಂಗ್ ತಾನಾಗಿ ಜಾರಿ ಬೀಳುತ್ತದೆ. ಹೊಸದನ್ನು ಕೂರಿಸುವಾಗ ಬೇರಿಂಗನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಪೆಟ್ಟಿಗೆಯನ್ನು ಮತ್ತೆ ಕಾಯಿಸಿದರೆ ಸಾಕು. ಹಾಲು ಮೊಸರಿನ ಪಕ್ಕ ಬೇರಿಂಗ್ ಇಟ್ಟದ್ದಕ್ಕೆ ಮನೆಯಾಕೆಯಿಂದ ಬೈಸಿಕೊಂಡ ಜಾವಾ ಪ್ರೇಮಿಗಳು ಮೈಸೂರಿನಲ್ಲಿ ಕಡಿಮೆಯಿರಲಾರರು.

ಅದೇ ಪೆಟ್ಟಿಗೆಯ ಎರಡು ಬದಿಗೂ ರಬ್ಬರಿನ ಸೀಲುಗಳಿವೆ, ನೋಡಿದರೆ ಎರಡು ಕಾಸಿನ ವಸ್ತು. ಟೂ ಸ್ಟ್ರೋಕ್ ಇಂಜಿನ್ನಿನ ಪ್ರಾಣವಿರುವುದು ಅವುಗಳಲ್ಲಿ. ಎಡಗಡೆಯದು ಸೋತರೆ ಕ್ಲಚ್ಚಿನ ಕಡೆಯ ಎಣ್ಣೆಯನ್ನು ಇಂಜಿನ್ನು ಹೀರಿ ಉರಿಸುತ್ತದೆ. ಬೈಕಿನ ಹಿಂದೆ ಸೊಳ್ಳೆ ಓಡಿಸುವ ಗಾಡಿಯಷ್ಟು ಹೊಗೆ. ಡೈನಮೋ ಇರುವ ಬಲಗಡೆಯದು ಸೋತರೆ ಹೊಗೆಯಿಲ್ಲ, ಸುಳಿವಿಲ್ಲ. ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ ಇಂಜಿನ್ ಕಾದು, ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಿಂತೇ ಇದ್ದ ಬೈಕಿನ ಸೀಲು ಒಣಗಿ ಬಿರುಕು ಬಿಟ್ಟಿರುವುದು ಖಂಡಿತ. ಬೋರನ್ನು ಉಳಿಸಬೇಕು, ಸೀಲನ್ನು ಮಾತ್ರ ಮರುಮಾತಿಲ್ಲದೆ ಬದಲಿಸಬೇಕು. ಅದರಲ್ಲೂ ಈಗಿನ ಪೆಟ್ರೋಲಿಗೆ ತಾಳುವ ರಬ್ಬರು ಬೇಕು. 2023ರ ಫೆಬ್ರುವರಿಯಲ್ಲಿ ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ಆರಂಭವಾಯಿತು. ಜಾವಾದ ವಿನ್ಯಾಸಕರು ಕನಸಿನಲ್ಲೂ ಕಾಣದ ಇಂಧನ ಅದು. ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಜೆಟ್ಟಿನಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತದೆ. ತುಸು ದೊಡ್ಡ ಜೆಟ್ ಹಾಕಿಕೊಳ್ಳುವುದು, ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು, ಸದ್ಯಕ್ಕೆ ಇರುವ ಉಪಾಯ.

ಬಿಡಿಭಾಗಗಳ ಬೇಟೆಯದು ಬೇರೆಯೇ ಪುರಾಣ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಮೊಹಲ್ಲಾಗಳ ಹಳೆ ಅಂಗಡಿಗಳ ಅಟ್ಟ. ಜೆಕ್ ದೇಶದಲ್ಲಿ ಇಂದಿಗೂ ಹಳೆಯ ಜಾವಾಕ್ಕೆ ಭಾಗಗಳು ತಯಾರಾಗುತ್ತವೆ. ಆದರೆ ಮೈಸೂರಿನ ಬೈಕು ಕಾಲಕ್ರಮೇಣ ತನ್ನದೇ ದಾರಿ ಹಿಡಿದಿದ್ದರಿಂದ ಎಲ್ಲವೂ ಹೊಂದಲಾರವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದವು. ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ, ನೀರಿನಿಂದ ತಣಿಯುವ ನಾಲ್ಕು ಸ್ಟ್ರೋಕಿನ ಬೈಕುಗಳು. ಹೆಸರು ಒಂದೇ ಆದರೂ ಅವುಗಳ ಪಿಸ್ಟನ್ನು ಇದಕ್ಕೆ ಬಾರದು.

ಹಾಗಾದರೆ ಎಷ್ಟನ್ನು ಬದಲಿಸಿದರೆ ಅದು ಅದೇ ಇಂಜಿನ್ ಆಗಿ ಉಳಿಯುತ್ತದೆ? ಇದು ತರ್ಕದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪುರಾತನ ವಾಹನಗಳ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಮೈಕಟ್ಟು, ಇಂಜಿನ್ನುಗಳನ್ನು ಮಾರ್ಪಡಿಸದೆ ಮೂಲರೂಪದಲ್ಲಿಟ್ಟ ವಾಹನಕ್ಕೆ ಈ ಮನ್ನಣೆ. ನಂಬರು ಫಲಕದಲ್ಲಿ ‘ವಿಎ’ ಎಂಬ ಎರಡಕ್ಷರ. ಅರವತ್ತರ ದಶಕದ ಮೈಸೂರು ಜಾವಾಗಳೆಲ್ಲ ಈ ವಯಸ್ಸು ದಾಟಿವೆ. (ಇಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬ ಷರತ್ತೂ ಇದೆ, ಓಡದ ಜಾವಾ ಯಾರಿಗೆ ಬೇಕು ಎನ್ನುವವರು ಇತ್ತ ತಲೆ ಹಾಕುವುದಿಲ್ಲ.) ಪಿಸ್ಟನ್ನು, ಉಂಗುರ, ಸೀಲು, ಕ್ಲಚ್ಚಿನ ಬಿರಡೆ ಇವೆಲ್ಲ ಸವೆಯಲೆಂದೇ ಹುಟ್ಟಿದವು. ಇಂಜಿನ್ ನಂಬರು ಕೊರೆದಿರುವ ಕ್ರ್ಯಾಂಕ್ ಪೆಟ್ಟಿಗೆ ಹಾಗಲ್ಲ. ಆರ್‌ಸಿ ಪುಸ್ತಕದಲ್ಲಿ ಬರೆದಿರುವುದು ಆ ನಂಬರು. ಪೆಟ್ಟಿಗೆಯ ಎರಡು ಹೋಳುಗಳು ಜೋಡಿ. ಒಂದು ಬೈಕಿನ ಎಡಹೋಳು ಇನ್ನೊಂದರ ಬಲಹೋಳಿಗೆ ಕೂರುತ್ತದೆಂಬ ಭರವಸೆಯಿಲ್ಲ. ತಿರುಪಿನ ಗಾಡಿ ಸವೆದಿದ್ದರೆ ಹೊಸ ಗಾಡಿ ಕೂರಿಸಬೇಕು, ಬಿರುಕಿದ್ದರೆ ಬಲ್ಲವರಿಂದ ಬೆಸುಗೆ ಹಾಕಿಸಬೇಕು. ಹೊಳಪಿಗೆಂದು ಉಜ್ಜುಚಕ್ರ ಹಿಡಿಸಿ ಆ ಅಂಕಿಗಳನ್ನೇ ಸವೆಸಿಕೊಂಡು, ಆಮೇಲೆ ಆರ್‌ಟಿಓ ಕಚೇರಿಯ ಬಾಗಿಲಲ್ಲಿ ನಿಂತವರ ಪಾಡು ಯಾರಿಗೂ ಬೇಡ.

ಎಲ್ಲ ಕೂಡಿಸಿ ಆಯಿತು ಎನ್ನಿ. ಪಾಯಿಂಟಿನ ಸಂದು ಸರಿಮಾಡಿ, ಕಿಡಿ ಹಾರುವ ಗಳಿಗೆ ಹೊಂದಿಸಿ, ಸೈಲೆನ್ಸರಿನ ಒಳಕೊಳವೆ ಎಳೆದು ದಶಕಗಳ ಕಿಟ್ಟ ಸುಟ್ಟು ತೆಗೆದು, ಲೀಟರಿಗೆ 40 ಮಿಲಿಲೀಟರಿನ ಬದಲು 50ರಂತೆ ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿದ್ದಾಯಿತು. ನಾಲ್ಕನೆಯದೋ ಐದನೆಯದೋ ಕಿಕ್ಕಿಗೆ ಇಂಜಿನ್ನು ಎಚ್ಚರಗೊಳ್ಳುತ್ತದೆ. ಮನೆಮಂದಿಯೆಲ್ಲ ಹೊರಬಂದು ನೋಡುತ್ತಾರೆ, ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಈಗಲೇ ಚಾಮುಂಡಿ ಬೆಟ್ಟ ಹತ್ತಿಸಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹತ್ತಿಸಬಾರದು. ಹೊಸ ಉಂಗುರವೂ ಹೊಸ ಬೋರೂ ಒಂದನ್ನೊಂದು ಅರಿತುಕೊಳ್ಳುವ ಮೊದಲ ಐನೂರು ಕಿಲೋಮೀಟರಿನಲ್ಲಿ ಏರು ಬೇಡ, ಹಿಂದೆ ಸವಾರ ಬೇಡ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ. ಬೆಳಗಿನ ತಂಪಿನಲ್ಲಿ ಕೆಆರ್‌ಎಸ್ ರಸ್ತೆ ಹಿಡಿದು, ನಲವತ್ತರ ವೇಗದಲ್ಲಿ, ಆಗಾಗ ಆಕ್ಸಿಲರೇಟರ್ ಬಿಟ್ಟು ಹಿಡಿಯುತ್ತ ಹೋಗಬೇಕು. ನಡುವೆ ಎಲ್ಲಾದರೂ ಮರದ ನೆರಳಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ, ತಣಿಯುವವರೆಗೆ ಒಂದು ಟೀ ಕುಡಿದು, ಪ್ಲಗ್ ಬಿಚ್ಚಿ ತುದಿ ನೋಡಬೇಕು. ಬೆಳ್ಳಗಿದ್ದರೆ ಅಲ್ಲಿಂದಲೇ ನಿಧಾನವಾಗಿ ಮನೆಗೆ. ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಮತ್ತೆ ಬಿಗಿದು, ಅಣೆಕಟ್ಟೆಯವರೆಗೆ ಹೋಗಿಬರಬಹುದು.